ಎಕ್ಸ್‌ಪಲ್ಸ್ 200 4ವಿ ಮುಂದಿನ ಫೋರ್ಕ್: ಆಯಿಲ್, ಸ್ಪ್ರಿಂಗ್, ಎಮ್ಯುಲೇಟರ್, ರ‍್ಯಾಲಿ ಫೋರ್ಕ್, ಯಾವುದು ಮೊದಲು?

ಕಾಡುದಾರಿ:
ಗಾಡಿ ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 4ವಿ ಬೈಕ್, ರ‍್ಯಾಲಿ ಕಿಟ್ (ಉದ್ದದ ಸಸ್ಪೆನ್ಶನ್ ಸೆಟ್) ಇಲ್ಲದ ಮಾಡೆಲ್. ಮುಂದೆ 37 ಮಿ.ಮೀ. ಫೋರ್ಕ್ (ಚಕ್ರ ಹಿಡಿದಿರುವ ಎರಡು ಕಾಲು), 190 ಮಿ.ಮೀ. ಟ್ರಾವೆಲ್ (ಅದು ಒತ್ತಿಕೊಳ್ಳಬಲ್ಲ ದೂರ). ನನ್ನ ತೂಕ 82 ಕೆ.ಜಿ., ಹೆಲ್ಮೆಟ್ಟು, ಬೂಟು, ಆರ್ಮರ್ ಎಲ್ಲ ಸೇರಿ 90. ಓಡಿಸೋದು ಹೆಚ್ಚಾಗಿ ಸಕಲೇಶಪುರ, ಮೂಡಿಗೆರೆ ಕಡೆಯ ಎಸ್ಟೇಟ್ ರಸ್ತೆಗಳಲ್ಲಿ. ಕೆಂಪು ಮಣ್ಣು, ಮೇಲೆದ್ದ ಕಲ್ಲು, ಮಳೆ ಕೊರೆದ ಚರಂಡಿ.

ತೊಂದರೆ ಮೂರು. ಇಳಿಜಾರಲ್ಲಿ ಮುಂದಿನ ಬ್ರೇಕ್ ಹಿಡಿದರೆ ಮೂತಿ ಪೂರ್ತಿ ಕುಸಿಯುತ್ತೆ. ಒಂದೂವರೆ ಅಡಿ ಮೆಟ್ಟಿಲಿಂದ ಇಳಿದರೆ ಫೋರ್ಕ್ ತಳ ಬಡಿಯುತ್ತೆ. ಆದರೆ ಸ್ವಲ್ಪ ವೇಗದಲ್ಲಿ ಸಣ್ಣ ಚೂಪುಗಲ್ಲುಗಳ ಮೇಲೆ ಹೋದರೆ ಅದೇ ಫೋರ್ಕ್ ಮರದ ತುಂಡಿನ ಹಾಗೆ ಗಟ್ಟಿ, ಅಂಗೈ ಉರಿ ಬರುತ್ತೆ. ಮೆತ್ತಗೂ ಇದೆ, ಗಟ್ಟಿಯೂ ಇದೆ, ಇದು ಹೇಗೆ? ಒಬ್ಬ ಮೆಕ್ಯಾನಿಕ್ ಮಂದವಾದ 20ಡಬ್ಲ್ಯೂ ಫೋರ್ಕ್ ಆಯಿಲ್ ಹಾಕಿ ಸಾಕು ಅಂತಾರೆ, ಇನ್ನೊಬ್ಬರು ರ‍್ಯಾಲಿ ಫೋರ್ಕೇ ತಗೊಳ್ಳಿ ಅಂತಾರೆ. ಕೆಲಸ ಮನೆಯಲ್ಲೇ ಮಾಡೋಕೆ ಟೂಲ್ಸ್ ಇದೆ. ಅಳತೆ ತೆಗೆದಿದ್ದೇನೆ: ಗಾಡಿ ತನ್ನ ಭಾರಕ್ಕೇ 45 ಮಿ.ಮೀ. ಕೂರುತ್ತೆ, ನಾನು ಫುಟ್‌ಪೆಗ್ ಮೇಲೆ ನಿಂತಾಗ 80.

ಲೇತ್‌ಮನೆ:
ಅಳತೆ ಕೊಟ್ಟಿದ್ದು ಒಳ್ಳೆಯದಾಯ್ತು, ಅರ್ಧ ಉತ್ತರ ಅದರಲ್ಲೇ ಇದೆ. 190ರಲ್ಲಿ 80 ಅಂದರೆ ಶೇ. 42. ಹೊರಡುವ ಮೊದಲೇ ಟ್ರಾವೆಲ್‌ನ ಅರ್ಧದ ಹತ್ತಿರ ಖರ್ಚಾಗಿದೆ. ಹೀಗೆ ಭಾರಕ್ಕೆ ಕೂರುವುದನ್ನೇ ಸ್ಯಾಗ್ ಅಂತಾರೆ, ಟ್ರೈಲ್ ಕೆಲಸಕ್ಕೆ ಅದು ಮುಂದೆ ಶೇ. 30 ಸುತ್ತಮುತ್ತ ಇರಬೇಕು, ನಿಮಗೆ ಅದು 55ರಿಂದ 60 ಮಿ.ಮೀ. ಹಾಗಾಗಿ ಮೊದಲ ಖರ್ಚು ಸ್ಪ್ರಿಂಗ್‌ಗೆ. ಆಯಿಲ್‌ಗಲ್ಲ, ಫೋರ್ಕ್‌ಗೂ ಅಲ್ಲ.

ಸ್ಪ್ರಿಂಗ್ ಮೇಲೆ ಕೂರುವ ಸ್ಪೇಸರ್ ಕೊಳವೆ ಉದ್ದ ಮಾಡಿ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿ ಕೂರಿಸುವುದು) ಏರಿಸಿದರೆ ಸಾಲದೇ ಅಂತ ಎಲ್ಲರೂ ಕೇಳ್ತಾರೆ. ಸಾಲದು. ಪ್ರಿಲೋಡ್ ಗಾಡಿಯ ಎತ್ತರ ಬದಲಿಸುತ್ತೆ, ಸ್ಪ್ರಿಂಗಿನ ಗಡಸುತನ ಬದಲಿಸಲ್ಲ. 22 ಮಿ.ಮೀ. ಹೆಚ್ಚು ಒತ್ತಿ ಕೂರಿಸಿದರೆ ಸ್ಯಾಗ್ 58ಕ್ಕೆ ಬರಬಹುದು, ಆದರೆ ಆಗ ಗಾಡಿ ತನ್ನ ಭಾರಕ್ಕೆ ಕೂರುವುದು 20ರ ಸುಮಾರು. ಮುಂದಿನ ಚಕ್ರ ಗುಂಡಿಗೆ ಇಳಿಯೋಕೆ ಟ್ರಾವೆಲ್ಲೇ ಉಳಿಯಲ್ಲ, ಫೋರ್ಕ್ ಮೇಲೆ ಬಂದಾಗೆಲ್ಲ ಟಕ್ ಅನ್ನುತ್ತೆ, ತಳ ಬಡಿಯುವುದೂ ಪೂರ್ತಿ ಹೋಗಲ್ಲ.

ಎಷ್ಟು ಗಡಸು ಬೇಕು ಅಂತ ಹೀಗೆ ಲೆಕ್ಕ ಹಾಕಿ. ಸ್ಪ್ರಿಂಗ್ ಹೊರಗೆ ತೆಗೆದು ಡ್ರಿಲ್ ಪ್ರೆಸ್ ಕೆಳಗೆ ಬಾತ್‌ರೂಮ್ ತಕ್ಕಡಿ ಇಡಿ, ಸ್ಪ್ರಿಂಗ್ ಬಾಗದ ಹಾಗೆ ಒಳಗೊಂದು ಕಡ್ಡಿ ತೂರಿಸಿ. 20 ಮಿ.ಮೀ. ಒತ್ತಿ ತೂಕ ಬರೆದುಕೊಳ್ಳಿ, ಇನ್ನೂ 50 ಮಿ.ಮೀ. ಒತ್ತಿ ಮತ್ತೆ ಬರೆಯಿರಿ. ವ್ಯತ್ಯಾಸವನ್ನು 50ರಿಂದ ಭಾಗಿಸಿದರೆ ಒಂದು ಮಿ.ಮೀ.ಗೆ ಎಷ್ಟು ಕೆ.ಜಿ. ಅಂತ ಸಿಗುತ್ತೆ. ಲೆಕ್ಕಕ್ಕೆ 0.45 ಅಂತ ಇಟ್ಟುಕೊಳ್ಳೋಣ, ನಿಮ್ಮದು ಎಷ್ಟು ಬರುತ್ತೋ ಅದನ್ನು ಹಾಕಿಕೊಳ್ಳಿ. ಎರಡೂ ಕಾಲು ಸೇರಿ 0.90. ಪ್ರಿಲೋಡ್ 15 ಇದ್ದರೆ ನೀವು ನಿಂತಾಗ ಸ್ಪ್ರಿಂಗ್ ಒಟ್ಟು 95 ಮಿ.ಮೀ. ಒತ್ತಿದೆ, ಅಂದರೆ ಅದು ಹೊತ್ತಿರುವುದು 86 ಕೆ.ಜಿ. ಸ್ಯಾಗ್ 58, ಪ್ರಿಲೋಡ್ 18, ಒಟ್ಟು 76 ಬೇಕು ಅಂದರೆ 86 ÷ 76 = 1.13. ಒಂದೊಂದು ಕಾಲಿಗೆ 0.56. ಬಜಾರಿನಲ್ಲಿ 0.55 ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ.

ಸಿಗದಿದ್ದರೆ ಪೀಣ್ಯ ಕಡೆ ಸ್ಪ್ರಿಂಗ್ ಸುತ್ತಿಸಬಹುದು. ಆಗ ತಂತಿಯ ದಪ್ಪದ ಮೇಲೆ ಗಮನ ಇರಲಿ. ಗಡಸುತನ ತಂತಿ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತೆ. ಸುತ್ತಿನ ವ್ಯಾಸ, ಸುತ್ತುಗಳ ಸಂಖ್ಯೆ ಹಾಗೇ ಇಟ್ಟು 4.3 ಮಿ.ಮೀ. ತಂತಿಯನ್ನು 4.5 ಮಾಡಿದರೆ ಶೇ. 20 ಗಡಸು ಹೆಚ್ಚುತ್ತೆ. ಆದರೆ 50 ಸುತ್ತಿದ್ದರೆ ಪೂರ್ತಿ ಒತ್ತಿದ ಉದ್ದವೂ 10 ಮಿ.ಮೀ. ಬೆಳೆಯುತ್ತೆ. ಸ್ಪ್ರಿಂಗಿನ ಬಿಡಿ ಉದ್ದದಿಂದ ಪ್ರಿಲೋಡ್ ಮತ್ತು 190 ಕಳೆದ ಮೇಲೆ ಉಳಿಯುವುದು ಆ ಒತ್ತಿದ ಉದ್ದಕ್ಕಿಂತ ಕನಿಷ್ಠ 10 ಮಿ.ಮೀ. ಜಾಸ್ತಿ ಇರಲೇಬೇಕು. ಇಲ್ಲದಿದ್ದರೆ ಸುತ್ತಿಗೆ ಸುತ್ತು ತಾಗಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತೆ.

ಹಳೆ ಸ್ಪ್ರಿಂಗ್ ಕತ್ತರಿಸಿ ಗಡಸು ಮಾಡುವುದು ದಯವಿಟ್ಟು ಬೇಡ. ಸುತ್ತು ಕಡಿಮೆಯಾದರೆ ಗಡಸು ಏರೋದು ನಿಜ, ಆದರೆ ಕತ್ತರಿಸಿದ ತುದಿ ಸಪಾಟಾಗಿ ಕೂರದೆ ಫೋರ್ಕ್ ಪೈಪಿನ ಒಳಗೋಡೆ ಕೆರೆಯುತ್ತೆ. ಆ ಲೋಹದ ಪುಡಿ ಆಯಿಲ್ ಜೊತೆ ಬುಷ್ (ಪೈಪ್ ಜಾರುವ ಬಳೆ) ಸೇರುತ್ತೆ.

ಮಲೆನಾಡ್ ನಾಬಿ:
ಸ್ಪ್ರಿಂಗ್ ಲೆಕ್ಕಕ್ಕೆ ನನ್ನದೂ ಒಪ್ಪಿಗೆ. ಮೆತ್ತಗೂ ಗಟ್ಟಿಯೂ ಹೇಗೆ ಅನ್ನೋದಕ್ಕೆ ಮಾತ್ರ ಡ್ಯಾಂಪಿಂಗ್ (ಫೋರ್ಕ್ ಚಲನೆಗೆ ಆಯಿಲ್ ಕೊಡುವ ತಡೆ) ಕಡೆ ನೋಡಬೇಕು.

ಇದು ಡ್ಯಾಂಪರ್ ರಾಡ್ ಫೋರ್ಕ್. ಒಳಗಿನ ರಾಡ್‌ನ ಕೆಳಗೆ ಕೆಲವು ತೂತುಗಳಿವೆ, ಫೋರ್ಕ್ ಒತ್ತಿದಾಗ ಆಯಿಲ್ ಅವುಗಳ ಮೂಲಕ ನುಗ್ಗುತ್ತೆ. ತೂತು ಯಾವಾಗಲೂ ಒಂದೇ ಅಳತೆ. ಅಂಥ ತೂತಿನಲ್ಲಿ ತಡೆ, ವೇಗದ ವರ್ಗದಂತೆ ಏರುತ್ತೆ: ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಬ್ರೇಕ್ ಹಿಡಿದಾಗ ಫೋರ್ಕ್ ನಿಧಾನ ಕುಸಿಯುತ್ತೆ, ತಡೆ ಇಲ್ಲವೇ ಇಲ್ಲ ಅನ್ನಬೇಕು. ಚೂಪುಗಲ್ಲು ತಾಗಿದಾಗ ಫೋರ್ಕ್ ಅತಿವೇಗದಲ್ಲಿ ಒತ್ತಬೇಕು, ಆಯಿಲ್ ತೂತಿನಲ್ಲಿ ಸಿಕ್ಕಿಕೊಳ್ಳುತ್ತೆ, ಏಟು ನೇರ ಹ್ಯಾಂಡಲ್‌ಗೆ. 20ಡಬ್ಲ್ಯೂ ಹಾಕಿದರೆ ಕುಸಿತ ಸ್ವಲ್ಪ ತಗ್ಗೀತು, ಅಂಗೈ ಉರಿ ಇನ್ನೂ ಹೆಚ್ಚೀತು. ರಿಬೌಂಡ್ (ಒತ್ತಿದ ಫೋರ್ಕ್ ಮತ್ತೆ ಮೇಲೇಳುವುದು) ಕೂಡ ನಿಧಾನವಾಗಿ, ಸಾಲುಗಲ್ಲಿನ ಮೇಲೆ ಫೋರ್ಕ್ ಮೇಲೇಳೋ ಮೊದಲೇ ಮುಂದಿನ ಕಲ್ಲು ಬಂದು ಒಳಗೊಳಗೇ ಕೂರ್ತಾ ಹೋಗುತ್ತೆ.

ಇದಕ್ಕೆ ಮದ್ದು ಎಮ್ಯುಲೇಟರ್. ರೇಸ್ ಟೆಕ್‌ನವರದು ಹೆಸರುವಾಸಿ, ಬೇರೆಯವರೂ ಮಾಡ್ತಾರೆ. ಡ್ಯಾಂಪರ್ ರಾಡ್‌ನ ತಲೆ ಮೇಲೆ ಕೂರುವ ಪುಟ್ಟ ವಾಲ್ವ್ ಇದು, ಫೋರ್ಕ್ ಸ್ಪ್ರಿಂಗೇ ಅದನ್ನು ಒತ್ತಿ ಹಿಡಿದಿರುತ್ತೆ. ನಿಧಾನ ಚಲನೆಯಲ್ಲಿ ಮುಚ್ಚಿದ್ದು ತಡೆ ಕೊಡುತ್ತೆ, ಜೋರು ಏಟಿಗೆ ತೆರೆದುಕೊಂಡು ಆಯಿಲ್ ಬಿಟ್ಟುಕೊಡುತ್ತೆ. ಕೊಳ್ಳುವ ಮೊದಲು ಫೋರ್ಕ್ ಪೈಪಿನ ಒಳವ್ಯಾಸ, ರಾಡ್ ತಲೆಯ ಹೊರವ್ಯಾಸ ಎರಡನ್ನೂ ವರ್ನಿಯರ್‌ನಲ್ಲಿ ಅಳೆಯಿರಿ. ತಲೆ ಮೇಲೆ ಸಪಾಟಾಗಿ ಕೂರದಿದ್ದರೆ ಲೇತ್‌ನಲ್ಲಿ ಒಂದು ಅಲ್ಯೂಮಿನಿಯಂ ಅಡಾಪ್ಟರ್ ತಿರುಗಿಸಬೇಕು. ಅಂಚಿನಲ್ಲಿ ಸೋರಿದರೆ ಹಾಕಿದ್ದೇ ದಂಡ.

ಹಾಕಿದ ಮೇಲೆ ರಾಡ್‌ನ ಹಳೆ ತೂತುಗಳು ಅಡ್ಡ ಬರಬಾರದು. ಕೆಳಗಿನ ಕಂಪ್ರೆಶನ್ ತೂತುಗಳನ್ನು 8 ಮಿ.ಮೀ.ಗೆ ಹಿಗ್ಗಿಸಿ, ಒಟ್ಟು ಆರು ತೂತು ಆಗುವ ಹಾಗೆ ಜೋಡಿ ಜೋಡಿಯಾಗಿ ಕೊರೆಯಿರಿ. ಒಂದು ಜೋಡಿಗೆ ಮುಂದಿನ ಜೋಡಿ 90 ಡಿಗ್ರಿ ತಿರುಗಿರಲಿ, ಕೇಂದ್ರದಿಂದ ಕೇಂದ್ರಕ್ಕೆ 10 ಮಿ.ಮೀ.ಗಿಂತ ಕಡಿಮೆ ಬೇಡ, ರಾಡ್ ದುರ್ಬಲವಾಗುತ್ತೆ. ಒಳಗೂ ಹೊರಗೂ ಅಂಚು ಉಜ್ಜಿ ನಯ ಮಾಡಿ, ಡೀಸೆಲ್‌ನಲ್ಲಿ ತೊಳೆದು ಗಾಳಿ ಹೊಡೆಯಿರಿ. ಮೇಲ್ಗಡೆ ಇರುವ ಸಣ್ಣ ರಿಬೌಂಡ್ ತೂತನ್ನು ಮುಟ್ಟಲೇಬೇಡಿ. ಅದು ದೊಡ್ಡದಾದರೆ ಫೋರ್ಕ್ ಚಿಮ್ಮುತ್ತೆ, ಆ ರಾಡ್ ಗುಜರಿಗೆ.

ರಿಬೌಂಡ್ ಈಗಲೂ ಆ ತೂತಿನದ್ದೇ ಕೆಲಸ, ಅದನ್ನು ಹದ ಮಾಡೋದು ಆಯಿಲ್‌ನಿಂದ. ಗಡಸು ಸ್ಪ್ರಿಂಗ್ ಜೋರಾಗಿ ತಳ್ಳುವ ಕಾರಣ 15ಡಬ್ಲ್ಯೂನಿಂದ ಶುರು ಮಾಡಿ. ಡಬ್ಬಿ ಮೇಲಿನ ಡಬ್ಲ್ಯೂ ಸಂಖ್ಯೆ ಕಂಪನಿಯಿಂದ ಕಂಪನಿಗೆ ಬೇರೆ, ಹೋಲಿಸಬೇಕಾದ್ದು 40 ಡಿಗ್ರಿ ಸೆಲ್ಸಿಯಸ್‌ನಲ್ಲಿನ ಸೆಂಟಿಸ್ಟೋಕ್ (ಮಂದತೆಯ ಅಳತೆ) ಅಂಕಿ. ಎಮ್ಯುಲೇಟರ್ ವಾಲ್ವ್ ಬಿಗಿ ಮಾಡುವ ಸ್ಕ್ರೂ ಮೊದಲಿಗೆ 2 ಸುತ್ತು. ಬ್ರೇಕಿಗೆ ಇನ್ನೂ ಕುಸಿದರೆ ಅರ್ಧರ್ಧ ಸುತ್ತು ಏರಿಸಿ, ಕಲ್ಲಿಗೆ ಏಟು ಬಂದರೆ ಇಳಿಸಿ. ಎರಡೂ ಕಾಲಿನಲ್ಲಿ ಒಂದೇ ಸುತ್ತು.

ಎಮ್ಯುಲೇಟರ್‌ನ ದಪ್ಪ ಎಷ್ಟಿದೆಯೋ ಸ್ಪೇಸರ್‌ನಿಂದ ಅಷ್ಟು ಕತ್ತರಿಸೋದು ಮರೀಬೇಡಿ. ಇಲ್ಲದಿದ್ದರೆ ಲೇತ್‌ಮನೆಯವರ ಪ್ರಿಲೋಡ್ ಲೆಕ್ಕ ಪೂರ್ತಿ ಕೆಡುತ್ತೆ.

ಕಾಡುದಾರಿ:
ಇಬ್ಬರಿಗೂ ಧನ್ಯವಾದ. ಈಗ ಅರ್ಥ ಆಯ್ತು. ಸ್ಪ್ರಿಂಗ್ ಮತ್ತು ಎಮ್ಯುಲೇಟರ್ ಒಟ್ಟಿಗೇ ಹಾಕ್ತೇನೆ. ಎರಡು ಅನುಮಾನ: ಬಿಚ್ಚುವಾಗ ಕೈ ಕೊಡುವ ಜಾಗ ಯಾವುದು, ಆಯಿಲ್ ಎಷ್ಟು? ರ‍್ಯಾಲಿ ಫೋರ್ಕ್ ಬಗ್ಗೆ ಯಾರೂ ಹೇಳಲಿಲ್ಲ.

ಶೋಲಾ ಸವಾರಿ:
ಕೈ ಕೊಡೋದು ತಳದ ಅಲೆನ್ ಬೋಲ್ಟ್. ಸ್ಪ್ರಿಂಗ್ ತೆಗೆದ ಮೇಲೆ ಬಿಚ್ಚೋಕೆ ಹೋದರೆ ಒಳಗೆ ರಾಡ್ ಜೊತೆಗೇ ತಿರುಗುತ್ತೆ, ಬೋಲ್ಟ್ ಬರಲ್ಲ. ಸ್ಪ್ರಿಂಗ್ ಒಳಗಿದ್ದು ರಾಡನ್ನು ಒತ್ತಿ ಹಿಡಿದಿರುವಾಗಲೇ ಇಂಪ್ಯಾಕ್ಟ್ ಗನ್‌ನಿಂದ ಸಡಿಲಿಸಿ, ಅರ್ಧ ಸುತ್ತು ಸಾಕು.

ಅದಕ್ಕೂ ಮೊದಲಿನ ಕ್ರಮ: ಎಂಜಿನ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಮುಂದಿನ ಚಕ್ರ ನೆಲ ಬಿಡಿಸಿ. ಮೇಲಿನ ಕ್ಲಾಂಪ್ ಬೋಲ್ಟ್ ಸಡಿಲಿಸಿ, ಕೆಳಗಿನದು ಬಿಗಿಯಾಗಿರುವಾಗಲೇ ಫೋರ್ಕ್ ಕ್ಯಾಪ್ ಕಾಲು ಸುತ್ತು ಬಿಡಿಸಿ. ಫೋರ್ಕ್ ಹೊರಗೆ ಬಂದ ಮೇಲೆ ಕ್ಯಾಪ್ ಬಿಡಿಸೋಕೆ ಪೈಪ್ ಹಿಡಿಯೋಕೆ ಜಾಗವಿಲ್ಲ, ವೈಸ್‌ಗೆ ಕಚ್ಚಿಸಿದರೆ ಪೈಪ್ ಹಾಳು. ಕ್ಯಾಲಿಪರ್ ಅನ್ನು ತಂತಿಯಲ್ಲಿ ತೂಗುಹಾಕಿ, ಹೋಸ್ ಮೇಲೆ ಭಾರ ಬೀಳಬಾರದು. ಎಬಿಎಸ್ ಸೆನ್ಸರ್ ವೈರ್ ಹೋಗಿರುವ ದಾರಿಯ ಫೋಟೋ ತೆಗೆದಿಟ್ಟುಕೊಳ್ಳಿ. ಕ್ಯಾಪ್‌ನ ಕೊನೆಯ ಎಳೆ ಬಿಡುವಾಗ ಸ್ಪ್ರಿಂಗ್ ಹಾರುತ್ತೆ, ಅಂಗೈಯಿಂದ ಒತ್ತಿ ಹಿಡಿದು ಮುಖ ದೂರ ಇಡಿ.

ಇಷ್ಟು ಬಿಚ್ಚಿದ ಮೇಲೆ ಆಯಿಲ್ ಸೀಲ್, ಡಸ್ಟ್ ಸೀಲ್, ತಳದ ತಾಮ್ರದ ವಾಷರ್ ಹೊಸದೇ ಹಾಕಿ. ಬುಷ್‌ನ ಬೂದು ಪದರ ಸವೆದು ತಾಮ್ರದ ಬಣ್ಣ ಕಾಣ್ತಿದ್ದರೆ ಅದೂ ಹೊಸದು. ಸೀಲ್ ತೂರಿಸುವಾಗ ಪೈಪಿನ ತುದಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಆಯಿಲ್ ಸವರಿ, ತುಟಿ ಹರಿಯಲ್ಲ. ಸೀಲ್ ಕೂರಿಸೋಕೆ ಸರಿಯಾದ ಅಳತೆಯ ದಪ್ಪ ಪಿವಿಸಿ ಪೈಪ್ ಸಾಕು. ಕ್ರೋಮ್ ಮೇಲೆ ಕಲ್ಲೇಟಿನ ಗುಳಿ ಇದ್ದರೆ ಅದರ ಅಂಚನ್ನು 1,000 ನಂಬರ್ ಎಮರಿ ಪೇಪರಿನಲ್ಲಿ ಉಜ್ಜಿ, ಇಲ್ಲದಿದ್ದರೆ ಹೊಸ ಸೀಲೂ ಸೋರುತ್ತೆ. ಪೈಪನ್ನು ದಪ್ಪ ಗಾಜಿನ ಮೇಲೆ ಉರುಳಿಸಿ ನೋಡಿ, ಬಾಗಿದ್ದರೆ ಬೆಳಕು ಮಿಣುಕುತ್ತೆ.

ಆಯಿಲ್ ಅನ್ನು ಮಿ.ಲೀ. ಲೆಕ್ಕದಲ್ಲಿ ಸುರಿಯಬೇಡಿ. ಹಳೆ ಆಯಿಲ್ ಒಳಗೆ ಎಷ್ಟು ಅಂಟಿದೆಯೋ ಗೊತ್ತಾಗಲ್ಲ, ಎಮ್ಯುಲೇಟರ್ ಕೂಡ ಜಾಗ ತಿನ್ನುತ್ತೆ. ಎಮ್ಯುಲೇಟರ್ ಒಳಗಿಟ್ಟು, ಸ್ಪ್ರಿಂಗ್ ಹೊರಗೆ, ಫೋರ್ಕ್ ಪೂರ್ತಿ ಒತ್ತಿ ನೆಟ್ಟಗೆ ನಿಲ್ಲಿಸಿ. ಗುಳ್ಳೆ ಹೋಗುವವರೆಗೆ ನಿಧಾನ ಪಂಪ್ ಮಾಡಿ, ಹತ್ತು ನಿಮಿಷ ಬಿಟ್ಟು ಪೈಪಿನ ಬಾಯಿಂದ ಆಯಿಲ್ ಮಟ್ಟದವರೆಗೆ ಅಳೆಯಿರಿ. 140 ಮಿ.ಮೀ.ನಿಂದ ಶುರು ಮಾಡಿ. ಸಿರಿಂಜಿಗೆ ಸಣ್ಣ ಪೈಪ್ ಸಿಕ್ಕಿಸಿ, 140ರ ಗುರುತಿಗೆ ಇಳಿಬಿಟ್ಟು ಹೆಚ್ಚಿನ ಆಯಿಲ್ ಹೀರಿದರೆ ಎರಡೂ ಕಾಲು ಸಮ ಬರುತ್ತೆ. ಮೇಲಿರುವ ಗಾಳಿಯೂ ಒಂದು ಸ್ಪ್ರಿಂಗೇ. ಕೊನೆಯ ಒಂದೆರಡು ಇಂಚಿನಲ್ಲಿ ಮಾತ್ರ ತಳ ಬಡಿದರೆ ಮಟ್ಟವನ್ನು 10 ಮಿ.ಮೀ. ಏರಿಸಿ. ಒಳವ್ಯಾಸ 33 ಇದ್ದರೆ ಅದು ಸುಮಾರು 8.5 ಮಿ.ಲೀ. ಅಷ್ಟೇ. ಗಾಳಿಯ ಅಂತರ 100ಕ್ಕಿಂತ ಕಡಿಮೆ ಮಾಡಿದರೆ ಒತ್ತಡಕ್ಕೆ ಸೀಲ್ ಎದ್ದೇಳುತ್ತೆ.

ರ‍್ಯಾಲಿ ಫೋರ್ಕ್ ಒಳ್ಳೆಯದೇ. ಆದರೆ ಅದು ಒಂಟಿಯಾಗಿ ಹಾಕುವ ವಸ್ತು ಅಲ್ಲ. ಅದರದು 250 ಮಿ.ಮೀ. ಟ್ರಾವೆಲ್, ಅದರ ಜೊತೆ ಬರುವ ಹಿಂಬದಿ ಸಸ್ಪೆನ್ಶನ್‌ನದು 220 ಮಿ.ಮೀ. ನಿಮ್ಮ ಗಾಡಿಯ ವೀಲ್‌ಬೇಸ್ (ಎರಡು ಚಕ್ರಗಳ ನಡುವಿನ ದೂರ) 1,410 ಮಿ.ಮೀ. ಮುಂದೆ ಮಾತ್ರ 60 ಮಿ.ಮೀ. ಉದ್ದದ ಫೋರ್ಕ್ ಬಂದರೆ ಸ್ಟೀರಿಂಗ್ ಕೋನ ಸುಮಾರು 2 ಡಿಗ್ರಿ ಹಿಂದಕ್ಕೆ ಮಲಗುತ್ತೆ. ಕಾಫಿ ತೋಟದ ಇಕ್ಕಟ್ಟು ತಿರುವಿನಲ್ಲಿ ಮುಂದಿನ ಚಕ್ರ ಹೊರಕ್ಕೆ ಜಾರುತ್ತೆ. ಎರಡೂ ಹಾಕಿದರೆ ಸೀಟು ಏರುತ್ತೆ, ಸೈಡ್ ಸ್ಟ್ಯಾಂಡೂ ಉದ್ದದ್ದು ಬೇಕು. ಎಲ್ಲ ಸೇರಿಸಿ ಬರೋ ಪ್ರೋ ಮಾಡೆಲ್‌ನ ಸೀಟು 891 ಮಿ.ಮೀ., ನಿಮ್ಮದು 825. ಜಿಗಿತ, ದೊಡ್ಡ ಡ್ರಾಪ್ ಇರುವ ಕಡೆ ಓಡಿಸುವವರಿಗೆ ಅದು ಸರಿ. ನಿಧಾನ, ಕೆಸರು, ಪದೇಪದೇ ಕಾಲೂರುವ ಎಸ್ಟೇಟ್ ದಾರಿಗೆ 190ನ್ನೇ ಹದ ಮಾಡೋದು ನನ್ನ ಮತ.

ಲೇತ್‌ಮನೆ:
ಜೋಡಿಸುವಾಗ ಎರಡು ಮಾತು ಸೇರಿಸ್ತೇನೆ. ಆಕ್ಸಲ್ ಬಿಗಿ ಮಾಡಿ, ಅದರ ಪಿಂಚ್ ಬೋಲ್ಟ್ ಮಾತ್ರ ಸಡಿಲ ಬಿಟ್ಟು, ಗಾಡಿ ನೆಲಕ್ಕಿಳಿಸಿ ಫೋರ್ಕ್ ಐದಾರು ಸಲ ಜೋರಾಗಿ ಒತ್ತಿ, ಆಮೇಲೆ ಪಿಂಚ್ ಬಿಗಿ ಮಾಡಿ. ಕಾಲುಗಳು ಸಮಾಂತರಕ್ಕೆ ಬರುತ್ತವೆ. ಇಲ್ಲದಿದ್ದರೆ ಹೊಸ ಬುಷ್ ಇದ್ದರೂ ಫೋರ್ಕ್ ಅಂಟಿ ಅಂಟಿ ಇಳಿಯುತ್ತೆ, ಸ್ಯಾಗ್ ಅಳತೆಯೂ ಸುಳ್ಳು ಬರುತ್ತೆ.

ಫೋರ್ಕ್ ಮುಚ್ಚುವ ರಬ್ಬರ್ ಗೈಟರ್ ಒಳಗೆ ಕೆಂಪು ಮಣ್ಣಿನ ನೀರು ನಿಂತರೆ ಡಸ್ಟ್ ಸೀಲ್ ಬೇಗ ಸವೆಯುತ್ತೆ. ಮಳೆಗಾಲದಲ್ಲಿ ಪ್ರತಿ ಸಲ ತೊಳೆಯುವಾಗ ಕೆಳಗಿನ ಕ್ಲಿಪ್ ಬಿಚ್ಚಿ ಗೈಟರ್ ಮೇಲೆತ್ತಿ ತೊಳೆದು, ಒರೆಸಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಗೈಟರ್ ಹರಿದಿದ್ದರೆ ಸೀಲ್ ಜೊತೆಗೇ ಆರ್ಡರ್ ಮಾಡಿ. ಹೊಸ ಸ್ಪ್ರಿಂಗ್ ಒಂದು ದಿನ ಓಡಿದ ಮೇಲೆ ಸ್ಯಾಗ್ ಮತ್ತೆ ಅಳೆದು ಇಲ್ಲೇ ಹಾಕಿ. 60 ದಾಟಿದ್ದರೆ ಸ್ಪೇಸರ್ ಕೆಳಗೆ 5 ಮಿ.ಮೀ. ವಾಷರ್ ಇಟ್ಟರೆ ಆಯಿತು.