ಮನೆಯಲ್ಲಿ ಕೇಳಲು ಯಾವ ಎಲ್‌ಪಿ ರೆಕಾರ್ಡ್‌ಗಳು? ಅನುಭವ ಹಂಚಿಕೆ

ಪ್ರಶ್ನೆ: ಹೊಸದಾಗಿ ಟರ್ನ್‌ಟೇಬಲ್ (ರೆಕಾರ್ಡ್ ನುಡಿಸುವ ಯಂತ್ರ) ಕೊಂಡಿದ್ದೇನೆ. ಮನೆಯಲ್ಲಿ ನೆಮ್ಮದಿಯಾಗಿ ಕುಳಿತು ಕೇಳಲು ನಿಮ್ಮ ಮೆಚ್ಚಿನ ರೆಕಾರ್ಡ್‌ಗಳು ಯಾವುವು, ಅವು ಏಕೆ ಮೆಚ್ಚುಗೆಯಾದವು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ: ರೆಕಾರ್ಡಿನ ಖ್ಯಾತಿಗಿಂತ ಅದರ ಒಂದೊಂದು ಬದಿಯೂ ತನ್ನಷ್ಟಕ್ಕೆ ಪೂರ್ಣವಾಗಿದೆಯೇ ಎಂಬುದನ್ನು ನೋಡಿ ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಳೆಯ ತಟ್ಟೆಯ ಒಂದು ಬದಿಯಲ್ಲಿ ಸಾಮಾನ್ಯವಾಗಿ ಮೂರು-ನಾಲ್ಕು ನಿಮಿಷಗಳ ಸಂಗೀತವಷ್ಟೇ ಹಿಡಿಯುತ್ತಿತ್ತು. 1948ರಲ್ಲಿ ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿ ಬಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷಗಳಿಗೂ ಹೆಚ್ಚು ಅವಕಾಶ ದೊರೆಯಿತು. ರಾಗವೊಂದು ಆತುರವಿಲ್ಲದೆ ಅರಳುವುದಕ್ಕೆ ಈ ವಿಸ್ತಾರ ಎಷ್ಟು ಮುಖ್ಯ ಎಂಬುದನ್ನು ನನಗೆ ಮನಗಾಣಿಸಿದ್ದು ಉಸ್ತಾದ್ ಅಲಿ ಅಕ್ಬರ್ ಖಾನ್ ಅವರು 1955ರಲ್ಲಿ ಅಮೆರಿಕದಲ್ಲಿ ನುಡಿಸಿದ ಸರೋದ್ ಎಲ್‌ಪಿ. ಅದರಲ್ಲಿ ಬೆಳಗಿಗೆಂದು ಸಿಂಧು ಭೈರವಿ, ಸಂಜೆಗೆಂದು ಪೀಲೂ ಇವೆ. ತಬಲಾ ಚತುರ್ ಲಾಲ್ ಅವರದು. ಎರಡನ್ನೂ ಒಂದೇ ಹೊತ್ತಿನಲ್ಲಿ ಕೇಳಿ ಮುಗಿಸುವ ಬದಲು ಬೆಳಿಗ್ಗೆ ಒಂದು ರಾಗವನ್ನು ಕೇಳಿ, ತಟ್ಟೆಯನ್ನು ಹಾಗೆಯೇ ಕವರಿನೊಳಗಿಟ್ಟು, ಇನ್ನೊಂದನ್ನು ಸಂಜೆಗೆ ಉಳಿಸಿಕೊಳ್ಳುತ್ತೇನೆ. ಇಡೀ ದಿನ ಅದೇ ರೆಕಾರ್ಡಿನ ಜೊತೆಗಿದ್ದಂತಾಗುತ್ತದೆ, ಮತ್ತು ಆ ಸುಖವನ್ನು ನಾನು ಬೇರೆ ಯಾವ ಬಗೆಯ ಆಲಿಸುವಿಕೆಯಲ್ಲಿಯೂ ಕಂಡಿಲ್ಲ.

ಎರಡನೆಯ ಉತ್ತರ: ಮೇಲಿನ ಮಾತನ್ನು ಒಪ್ಪುತ್ತ, ಬದಿಯ ಕೊನೆಯಲ್ಲಿ ಏನಿದೆ ಎಂಬುದನ್ನೂ ಗಮನಿಸಿ ಎಂದು ಸೇರಿಸುತ್ತೇನೆ. ತಟ್ಟೆ ತಿರುಗುವ ವೇಗ ಬದಲಾಗದಿದ್ದರೂ, ಅಂಚಿನಲ್ಲಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಉದ್ದದ ಗೀರು (ನಾದವನ್ನು ಕೊರೆದಿರುವ ಸಾಲು) ಸೂಜಿಯ ಕೆಳಗೆ ಹಾದುಹೋದರೆ, ನಡುವಿನ ಲೇಬಲ್‌ನ ಹತ್ತಿರ ಅದು 21 ಸೆಂ.ಮೀ.ಗೆ ಇಳಿದಿರುತ್ತದೆ. ಅಷ್ಟು ಕಿರಿದಾದ ಜಾಗದಲ್ಲಿ ಗಟ್ಟಿಯಾದ, ತಾರಸ್ಥಾಯಿಯ ನಾದ ಒರಟಾಗಿ ಕೇಳಿಸುವುದು ಸಹಜ. ಮೆಲ್ಲಗೆ ಆರಂಭವಾಗಿ ಅಬ್ಬರದಲ್ಲಿ ಮುಗಿಯುವ ಫ್ರೆಂಚ್ ಸಂಗೀತಕಾರ ರವೆಲ್‌ನ ಬೊಲೆರೋ ಈ ಕಾರಣಕ್ಕಾಗಿಯೇ ಎಲ್‌ಪಿಗೆ ಕಷ್ಟದ ಕೃತಿ. ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಇದಕ್ಕೆ ವಿರುದ್ಧ: ಮೂವತ್ತು ರೂಪಾಂತರಗಳನ್ನು ಹಾದು ಮೊದಲಿನ ಸೌಮ್ಯವಾದ ಏರಿಯಾಕ್ಕೇ (ಹಾಡಿನಂತಹ ಮೂಲ ಭಾಗಕ್ಕೇ) ಮರಳುವುದರಿಂದ, ಸೂಜಿ ಲೇಬಲ್ ಸಮೀಪಿಸಿದಾಗಲೂ ಪಿಯಾನೋದ ದನಿ ತಿಳಿಯಾಗಿಯೇ ಇರುತ್ತದೆ. ಪಿಯಾನೋ ವಾದಕ ಗ್ಲೆನ್ ಗೂಲ್ಡ್ ಇದನ್ನು 1955ರಲ್ಲೊಮ್ಮೆ ಮಿಂಚಿನ ವೇಗದಲ್ಲಿಯೂ 1981ರಲ್ಲಿ ಮತ್ತೊಮ್ಮೆ ಹೆಚ್ಚು ನಿಧಾನವಾಗಿಯೂ ನುಡಿಸಿದ್ದಾರೆ. ಒಂದನ್ನೇ ಕೊಳ್ಳುವುದಾದರೆ ಎರಡನೆಯದನ್ನು ಕೊಳ್ಳಿ, ಏಕೆಂದರೆ ಆ ನುಡಿಸಾಣಿಕೆಯಲ್ಲಿ ಸ್ವರಗಳ ನಡುವಿನ ಮೌನವೂ ಕೇಳಿಸುತ್ತದೆ. ಮನೆಗೆ ಬಂದ ಸ್ನೇಹಿತರಿಗೆ ಎರಡರ ಏರಿಯಾವನ್ನೂ ಒಂದಾದ ಮೇಲೊಂದು ಕೇಳಿಸಿ ನೋಡಿ. ಪಾಶ್ಚಾತ್ಯ ಸಂಗೀತದ ಪರಿಚಯವಿಲ್ಲದವರೂ ತಮಗೆ ಯಾವುದು ಹಿಡಿಸಿತು, ಏಕೆ ಹಿಡಿಸಿತು ಎಂದು ಉತ್ಸಾಹದಿಂದ ಚರ್ಚಿಸುವುದನ್ನು ನಾನು ಕಂಡಿದ್ದೇನೆ.

ಮೂರನೆಯ ಉತ್ತರ: ರೆಕಾರ್ಡ್‌ಗಳ ವಿಷಯವನ್ನು ಹಿರಿಯರಿಬ್ಬರೂ ಹೇಳಿಯಾಗಿದೆ, ಆದ್ದರಿಂದ ನಾನು ಉಪಕರಣದ ಬಗ್ಗೆ ಮಾತ್ರ ಬರೆಯುತ್ತೇನೆ. ಎಲ್‌ಪಿ ಕೊರೆಯುವಾಗ ಮಂದ್ರದ ನಾದವನ್ನು ಕುಗ್ಗಿಸಿ ತಾರದ ನಾದವನ್ನು ಹಿಗ್ಗಿಸಿರುತ್ತಾರೆ. ಕೇಳುವಾಗ ಅದನ್ನು ಸರಿದೂಗಿಸುವುದು ಫೋನೋ ಪ್ರೀಆಂಪ್‌ನ ಕೆಲಸ. ಅದು ನಿಮ್ಮ ಟರ್ನ್‌ಟೇಬಲ್‌ನಲ್ಲಿಯೋ ಆಂಪ್ಲಿಫೈಯರ್‌ನಲ್ಲಿಯೋ ಇಲ್ಲದಿದ್ದರೆ ಎಂತಹ ಶ್ರೇಷ್ಠ ರೆಕಾರ್ಡೂ ಕ್ಷೀಣವಾಗಿ, ಕೀರಲಾಗಿ ಕೇಳಿಸುತ್ತದೆ. ಸೂಜಿಯ ಭಾರವನ್ನು ಕಾರ್ಟ್ರಿಜ್ (ಸೂಜಿಯನ್ನು ಹಿಡಿದಿರುವ ಭಾಗ) ತಯಾರಕರು ಹೇಳಿದಷ್ಟಕ್ಕೇ ಹೊಂದಿಸಿ; ಭಾರ ಕಡಿಮೆಯಾದರೆ ತಟ್ಟೆ ಸವೆಯುವುದಿಲ್ಲ ಎಂದು ಭಾವಿಸಬೇಡಿ, ಹಗುರವಾದ ಸೂಜಿ ಗೀರಿನಲ್ಲಿ ನೆಲೆನಿಲ್ಲದೆ ಕುಪ್ಪಳಿಸಿ ಹೆಚ್ಚು ಹಾನಿ ಮಾಡುತ್ತದೆ.