ಪಿನ್ ಆದ ಕುದುರೆ: ಕಟ್ಟು, ಅಡ್ಡ, ಮರೆ?

ನಮಸ್ಕಾರ. ಚೆಸ್ ಆಟದ 'ಪಿನ್' ಅನ್ನೋದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ಕೇಳಬೇಕಿತ್ತು.

ನಾನು ಗಂಗಾವತಿಯವನು. ದಿನಾ ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ಮೊಬೈಲಿನಲ್ಲಿ ಒಂದು ಚೆಸ್ ಪಝಲ್ ಬಿಡಿಸುತ್ತೇನೆ. ಈಗ ಅಕ್ಕನ ಮಗನೂ ಪಕ್ಕದಲ್ಲಿ ಕೂರುತ್ತಾನೆ, ಏಳನೇ ಕ್ಲಾಸಿನ ಹುಡುಗ. ಅವನಿಗೆ ಹೇಳಿಕೊಡುತ್ತಾ ಕನ್ನಡ ಪದ ಹುಡುಕುವ ಅಭ್ಯಾಸ ಆಯ್ತು. ಕಾಯಿಗಳ ಹೆಸರಿಗೆ ಕೊರತೆ ಇಲ್ಲ: ರಾಜ, ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳು. ನಮ್ಮ ಓಣಿಯ ಹಿರಿಯರು ಮಂತ್ರಿಗೆ ವಜೀರ, ಕಾಲಾಳಿಗೆ ಪ್ಯಾದೆ ಅಂತಲೂ ಅನ್ನುತ್ತಾರೆ. 1948ರವರೆಗೆ ಇದು ನಿಜಾಮರ ಸೀಮೆ, ಹಾಗಾಗಿ ಉರ್ದು ಪದಗಳು ಉಳಿದಿವೆ. ಒಂದೇ ಕುದುರೆ ಎರಡು ಕಾಯಿಗಳ ಮೇಲೆ ಒಮ್ಮೆಗೇ ಬೀಳುವ ಫೋರ್ಕ್‌ಗೆ ನಾವು 'ಕವೆ' ಅನ್ನುತ್ತೇವೆ. ಹೊಲದಲ್ಲಿ ಮುಳ್ಳುಕಂಟಿ ಸರಿಸುವ ಕವೆ ಹುಡುಗನಿಗೆ ಗೊತ್ತು. ಹೇಳಿದ ಕೂಡಲೇ ಹಿಡಿದ.

ತೊಡಕು ಬಂದದ್ದು ಪಿನ್ ಹತ್ತಿರ.

ನಮ್ಮ ರಾಜ, ಅವನ ಮುಂದೆ ನಮ್ಮ ಕುದುರೆ, ಅದೇ ಸಾಲಿನಲ್ಲಿ ಎದುರಾಳಿಯ ಆನೆ. ಕುದುರೆ ಎತ್ತಿದರೆ ರಾಜನಿಗೆ ಚೆಕ್, ಅಂದರೆ ರಾಜನ ಮೇಲೇ ನೇರ ದಾಳಿ, ಆದ್ದರಿಂದ ಎತ್ತುವ ಹಾಗೇ ಇಲ್ಲ. ಇದಕ್ಕೆ ನಾನು 'ಕಟ್ಟು' ಅಂದೆ. ಪದ ಸಿಕ್ಕಿದ್ದು ಹುಲಿ-ಕುರಿ ಆಟದಿಂದ. ಹಂಪಿಯ ಮಂಟಪಗಳ ಹಾಸುಗಲ್ಲಿನ ಮೇಲೆ ಈ ಥರದ ಆಟದ ಮನೆಗಳನ್ನು ಕೊರೆದಿರುವುದನ್ನು ನೋಡಿರುತ್ತೀರಿ. ಕುರಿಗಳು ಸುತ್ತುವರಿದು ಹುಲಿಗೆ ದಾರಿ ಇಲ್ಲದಂತಾದರೆ 'ಹುಲಿ ಕಟ್ಟಿತು' ಅನ್ನುತ್ತೇವಲ್ವಾ, ಅದೇ ಕಟ್ಟು. 'ಕೀಲಿಸು' ಅನ್ನೋದನ್ನೂ ಯೋಚಿಸಿದ್ದೆ. ಆದರೆ ನಮ್ಮ ಕಡೆ ಕೀಲಿ ಅಂದರೆ ಬೀಗ. ಮಕ್ಕಳು ಕೀಲಿ ಹಾಕೋದು ಅಂದುಕೊಳ್ಳುತ್ತಾರೆ.

ಕಟ್ಟು ಚೆನ್ನಾಗಿಯೇ ನಡೆದಿತ್ತು. ಕಟ್ಟಿನಲ್ಲಿ ಸಿಕ್ಕಿದ್ದು ಕುದುರೆಯ ಬದಲು ಆನೆಯಾದರೆ ಅದೇ ಸಾಲಿನಲ್ಲಿ ಹಿಂದೆ ಮುಂದೆ ಸರಿಯಬಹುದು, ಎದುರಿನ ಆನೆಯನ್ನೇ ಹೊಡೆಯಲೂಬಹುದು. ಅದಕ್ಕೂ ಪದ ಒಪ್ಪಿತು: ಗೂಟಕ್ಕೆ ಕಟ್ಟಿದ ಎತ್ತು ಹಗ್ಗ ಇರೋಷ್ಟು ದೂರ ಓಡಾಡುತ್ತೆ.

ಹೋದ ವಾರ ಬಂದ ಪಝಲ್ ಬೇರೆ ಥರದ್ದು. ನಮ್ಮ ಕುದುರೆಯ ಹಿಂದೆ ಇದ್ದದ್ದು ರಾಜ ಅಲ್ಲ, ಮಂತ್ರಿ. ಎದುರಾಳಿಯ ಒಂಟೆ ಓರೆಯಾಗಿ ಅದರ ಮೇಲೆ ಕಣ್ಣಿಟ್ಟಿತ್ತು. ಇಂಗ್ಲಿಷಿನಲ್ಲಿ ಇದಕ್ಕೂ ಪಿನ್ ಅಂತಲೇ ಹೆಸರು. ಹುಡುಗ ಕುದುರೆಯ ಕಡೆ ನೋಡಲೇ ಇಲ್ಲ. "ಮಾಮಾ, ಅದು ಕಟ್ಟಿಬಿಟ್ಟೈತಲ್ಲ, ಎತ್ತಾಕ ಬರಂಗಿಲ್ಲ" ಅಂದ. ನಾನೂ ಹೌದು ಅಂದೆ. ಇಬ್ಬರೂ ಹತ್ತು ನಿಮಿಷ ಬೇರೆ ಕಾಯಿಗಳನ್ನೇ ಸರಿಸಿ ನೋಡಿದೆವು. ಕೊನೆಗೆ ಉತ್ತರ ತೆರೆದರೆ ಮೊದಲ ನಡೆಯೇ ಆ ಕುದುರೆಯದು! ಅದು ಹೋಗಿ ನಡುವಿನ ಕಾಲಾಳನ್ನು ಹೊಡೆಯುತ್ತೆ. ಎದುರಾಳಿ ಆಸೆಬಿದ್ದು ಮಂತ್ರಿಯನ್ನು ಹೊಡೆದರೆ, ನಮ್ಮ ಒಂಟೆ ಅವನ ರಾಜನ ಪಕ್ಕದ ಕಾಲಾಳನ್ನು ಹೊಡೆದು ಚೆಕ್ ಕೊಡುತ್ತೆ. ರಾಜನಿಗೆ ಉಳಿಯೋದು ಒಂದೇ ಮನೆ, ಮುಂದಕ್ಕೆ. ರಾಜ ಅಲ್ಲಿಗೆ ಹೋದ ಮೇಲೆ ನಮ್ಮ ಇನ್ನೊಂದು ಕುದುರೆ ಬಂದು ಚೆಕ್‌ಮೇಟ್. ಇದು 18ನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ಆಡುತ್ತಿದ್ದ ಲೆಗಾಲ್ ಅವರ ಹೆಸರಿನ ಹಳೆಯ ಪಟ್ಟು. ಮಂತ್ರಿ ಹೋಗುತ್ತೆ, ಆಟ ಗೆಲ್ಲುತ್ತೆ.

ನನಗೆ ಅನಿಸಿದ್ದು, ನಮ್ಮನ್ನು ದಾರಿ ತಪ್ಪಿಸಿದ್ದು ಆ ಪದವೇ. 'ಕಟ್ಟು' ಅಂದ ಮೇಲೆ ಕಣ್ಣು ಅಲ್ಲಿಗೆ ಹೋಗಲ್ಲ. ರಾಜನ ಮುಂದಿನ ಕುದುರೆ ಆಟದ ನಿಯಮದಂತೆ ಏಳುವಂತಿಲ್ಲ. ಮಂತ್ರಿಯ ಮುಂದಿನದು ಏಳಬಹುದು, ಬೆಲೆ ತೆರಬೇಕು ಅಷ್ಟೇ. ಎರಡಕ್ಕೂ ಒಂದೇ ಪದ ಸಾಲದು.

ಸಂಜೆ ಇದನ್ನೇ ಓಣಿಯ ಕಟ್ಟೆಯ ಮೇಲೆ ಆಡುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಫೋನು ಹಿಡಿದು ಒಂದು ಗಳಿಗೆ ನೋಡಿ, "ಅದು ಕಟ್ಟಿಲ್ಲಪಾ, ಅಡ್ಡ ನಿಂತೈತಿ. ವಜೀರ ಹೋದ್ರ ಹೋಗ್ಲಿ ಅಂದ್ರ ಎತ್ತು" ಅಂದರು. ಎಷ್ಟು ಸಲೀಸಾಗಿ ಬಿಡಿಸಿಟ್ಟರು ನೋಡಿ! ಕಟ್ಟಿದ್ದು ಬೇರೆ, ಅಡ್ಡ ನಿಂತದ್ದು ಬೇರೆ.

ಆದರೆ 'ಅಡ್ಡ'ಕ್ಕೆ ಈಗಾಗಲೇ ಇನ್ನೊಂದು ಕೆಲಸ ಇದೆ. ಚೆಕ್ ಬಂದಾಗ ನಡುವೆ ಕಾಯಿ ತಂದಿಡೋದಕ್ಕೆ 'ಅಡ್ಡ ಹಾಕು' ಅನ್ನುತ್ತೇವೆ. ಮಾತಿನಲ್ಲಿ ಗೊಂದಲ ಆಗಲಿಕ್ಕಿಲ್ಲ, ಬರೆಯುವಾಗ ಆಗಬಹುದು. ಅದಕ್ಕೇ 'ಮರೆ' ಆಗಬಹುದಾ ಅಂತ ನನ್ನ ಯೋಚನೆ. 'ಮಂತ್ರಿಗೆ ಮರೆ ನಿಂತ ಕುದುರೆ' ಅಂದರೆ ಹಿಂದೆ ಯಾರಿದ್ದಾರೆ ಅನ್ನೋದೂ ಅದರಲ್ಲೇ ಬರುತ್ತೆ. ಹುಡುಗನಿಗೆ ಮಾತ್ರ 'ಅಡ್ಡ'ವೇ ಇಷ್ಟ.

ರಾಯಚೂರು, ಬಳ್ಳಾರಿ ಕಡೆ ಚೆಸ್ ಆಡುವವರು ಇದಕ್ಕೆ ಏನನ್ನುತ್ತೀರಿ? ಮೈಸೂರು, ಮಂಗಳೂರು ಕಡೆ ಬೇರೆ ಪದ ಇದೆಯಾ? ಪುಸ್ತಕದ ಪದಕ್ಕಿಂತ ಆಡುವಾಗ ಬಾಯಲ್ಲಿ ಬರುವ ಪದವೇ ನನಗೆ ಬೇಕಾಗಿರೋದು. ಸಾಧ್ಯವಾದರೆ ಆ ಪದ ಇರುವ ಒಂದು ವಾಕ್ಯವನ್ನೂ ನಿಮ್ಮೂರಿನವರು ಆಡುವ ಹಾಗೇ ಬರೆದು ಕಳಿಸಿ.