ಪದಚರ್ಚೆ: ‘ಜರ್ನಿಮನ್’ ಆಟಗಾರನಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಅಮೆರಿಕದ ನಾರ್ತ್ ಕ್ಯಾರೊಲೈನಾದ ರಾಲಿಯಲ್ಲಿ ನಮ್ಮ ಕನ್ನಡ ತರಗತಿಯ ಮಕ್ಕಳು ತಮಗಿಷ್ಟವಾದ ಆಟಗಾರರ ಬಗ್ಗೆ ಬರೆಯುತ್ತಿದ್ದಾರೆ. ಊರಿನ ತಂಡ ಕ್ಯಾರೊಲೈನಾ ಹರಿಕೇನ್ಸ್. ಹಾಗಾಗಿ ಐಸ್ ಹಾಕಿಯವರೇ ಜಾಸ್ತಿ. ಒಬ್ಬ ಹುಡುಗ ರಾನ್ ಹೇನ್ಸಿ ಅವರನ್ನು ಆರಿಸಿಕೊಂಡು, ‘ಇವರು ಒಬ್ಬ ಪ್ರಯಾಣಿಕ ಡಿಫೆಂಡರ್’ ಎಂದು ಶುರು ಮಾಡಿದ್ದಾನೆ. ತಾರೆಯಾಗದಿದ್ದರೂ ಹಲವು ತಂಡಗಳಲ್ಲಿ ಅಚ್ಚುಕಟ್ಟಾಗಿ ಕೆಲಸ ಮಾಡುವ ಆಟಗಾರನಿಗೆ ಇಂಗ್ಲಿಷಿನಲ್ಲಿ ‘ಜರ್ನಿಮನ್’ ಅಂತಾರೆ, ಅದು ಹೀಗೆ ಪ್ರಯಾಣಿಕ ಆಗಿದೆ. ತಿದ್ದಬೇಕು, ಆದರೆ ಏನಂತ ತಿದ್ದೋದು?

ಡಿಫೆಂಡರ್ ಬಗ್ಗೆ ತಕರಾರಿಲ್ಲ. ಕಬಡ್ಡಿ, ಫುಟ್‌ಬಾಲ್ ವರದಿಗಳಲ್ಲಿ ಆ ಮಾತು ಓಡಾಡುತ್ತಲೇ ಇದೆ, ರಕ್ಷಣಾ ಆಟಗಾರ ಅಂದರೂ ನಡೆಯುತ್ತೆ. ತೊಡಕಿರೋದು ಮೊದಲನೇ ಪದದಲ್ಲಿ.

ಕಿವಿಗೆ ಪ್ರಯಾಣ ಅಂತ ಕೇಳಿಸಿದರೂ ಇದರ ಬೇರು ಬೇರೆ. ಫ್ರೆಂಚಿನ ‘ಜೂರ್ನೆ’, ಅಂದರೆ ಒಂದು ದಿನ, ಒಂದು ದಿನದ ದುಡಿಮೆ. ಯುರೋಪಿನ ಹಳೆಯ ಕಸುಬುದಾರರ ಕೂಟಗಳಲ್ಲಿ ಮೊದಲು ಕೆಲಸ ಕಲಿಯುವ ಹುಡುಗ, ಮೇಲೆ ಸ್ವಂತ ಕಾರ್ಖಾನೆ ಇಟ್ಟ ಯಜಮಾನ. ನಡುವೆ ಇರೋನು ಜರ್ನಿಮನ್: ಕೆಲಸ ಪೂರ್ತಿ ಕಲಿತಿದ್ದಾನೆ, ಆದರೆ ಇನ್ನೊಬ್ಬರ ಹತ್ತಿರ ದಿನದ ಲೆಕ್ಕದಲ್ಲಿ ದುಡಿಯುತ್ತಾನೆ. ಜರ್ಮನ್ ಸೀಮೆಯಲ್ಲಿ ಇಂಥವರು ಕೆಲವು ವರ್ಷ ಊರೂರು ತಿರುಗಿ ಕೆಲಸ ಮಾಡಬೇಕೆಂಬ ಪದ್ಧತಿಯೂ ಇತ್ತು. ಆದರೂ ಪದದ ಹುರುಳು ತಿರುಗೋದಲ್ಲ, ಕೈಯಲ್ಲಿರುವ ಕೆಲಸ.

ಈಗ ಹೇನ್ಸಿ ಅವರ ದಾರಿ ನೋಡಿ. 2000ದ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಮಾಂಟ್ರಿಯಲ್ ತಂಡ ಇವರನ್ನು 13ನೆಯವರಾಗಿ ಆರಿಸಿತು. ಅಷ್ಟು ಮೇಲೆ ಬಂದವರ ಮೇಲೆ ದೊಡ್ಡ ನಿರೀಕ್ಷೆ ಇರುತ್ತೆ. ಅಲ್ಲಿ ನೆಲೆಯೂರಲಿಲ್ಲ. 2005ರಲ್ಲಿ ಮಾಂಟ್ರಿಯಲ್ ಇವರನ್ನು ವೇವರ್ಸ್‌ಗೆ ಹಾಕಿತು, ಅಂದರೆ ‘ಬೇಕಾದವರು ಕರೆದುಕೊಳ್ಳಿ’ ಎಂದು ಉಳಿದ ತಂಡಗಳಿಗೆ ಬಿಟ್ಟಿತು. ಕೊಲಂಬಸ್ ಕರೆದುಕೊಂಡಿತು. 2008ರಲ್ಲಿ ಹೊಸ ಒಪ್ಪಂದ, ಅಟ್ಲಾಂಟಾಗೆ. 2011ರಲ್ಲಿ ಆ ತಂಡವೇ ಅಟ್ಲಾಂಟಾದಿಂದ ಗಂಟುಮೂಟೆ ಕಟ್ಟಿ ಕೆನಡಾದ ವಿನ್ನಿಪೆಗ್‌ಗೆ ಹೋಯಿತು, ಇವರೂ ಹೋದರು. 2013ರಲ್ಲಿ ನಮ್ಮೂರಿಗೆ ಬಂದರು. 2017ರ ಫೆಬ್ರುವರಿಯಲ್ಲಿ ಪಿಟ್ಸ್‌ಬರ್ಗ್‌ಗೆ ಟ್ರೇಡ್ ಆದರು. ಆಮೇಲೆ ಟೊರಾಂಟೊ, ಕೊನೆಗೆ ಒಟ್ಟಾವ. ಒಟ್ಟು 1,132 ಪಂದ್ಯ.

ಇದಕ್ಕೆ ‘ಅಲೆಮಾರಿ ಆಟಗಾರ’ ಅನ್ನಬಹುದಾ? ನನಗೆ ಒಪ್ಪಿಗೆಯಿಲ್ಲ. ಒಂದು ಕಡೆ ತಂಡ ಕೈಬಿಟ್ಟಿತು, ಇನ್ನೊಂದು ಕಡೆ ಒಪ್ಪಂದ ಮುಗಿಯಿತು, ಮತ್ತೊಂದು ಕಡೆ ತಂಡವೇ ಊರು ಬಿಟ್ಟಿತು. ಇದರಲ್ಲಿ ಅಲೆದದ್ದು ಎಲ್ಲಿ? ಪ್ರತಿ ಸಲವೂ ಇವರ ಕೆಲಸ ಬೇಕು ಅನ್ನುವವರು ಒಬ್ಬರು ಇದ್ದೇ ಇದ್ದರು.

ಆ ಕೆಲಸ ಕಣ್ಣಿಗೆ ಬೀಳುವಂಥದ್ದಲ್ಲ. ತಮ್ಮ ತಂಡದವನೊಬ್ಬ ತಪ್ಪು ಮಾಡಿ ಎರಡು ನಿಮಿಷ ಹೊರಗೆ ಕೂತಾಗ ಉಳಿದ ನಾಲ್ವರು ಎದುರಿನ ಐವರನ್ನು ತಡೆಯಬೇಕು. ಆಗ ಡಿಫೆಂಡರ್ ಗೋಲಿನ ಮುಂದೆ ನಿಂತು ಕೋಲನ್ನು ಐಸ್ ಮೇಲೆ ಚಾಚಿ ಪಾಸ್ ಹೋಗುವ ದಾರಿ ಮುಚ್ಚುತ್ತಾನೆ. ದೂರದಿಂದ ಹೊಡೆದರೆ ಮಂಡಿಯೂರಿ ಮೈಯೊಡ್ಡುತ್ತಾನೆ. ಪಕ್ ಅಂದರೆ ಗಟ್ಟಿ ರಬ್ಬರಿನ ಬಿಲ್ಲೆ, ಪ್ಯಾಡ್ ಇದ್ದರೂ ಪೆಟ್ಟು ಪೆಟ್ಟೇ. ಗೋಲು ಆಗದಿದ್ದರೆ ಅಂಕಪಟ್ಟಿಯಲ್ಲಿ ಇವನ ಹೆಸರಿಗೆ ಏನೂ ಸೇರೋದಿಲ್ಲ.

ಹೇನ್ಸಿ ಪ್ಲೇಆಫ್ ಕಾಣುವ ಮೊದಲು 907 ಪಂದ್ಯ ಆಡಿದ್ದರು. ಅಮೆರಿಕ, ಕೆನಡಾಗಳ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಯಾರೂ ಅಷ್ಟು ಕಾದಿರಲಿಲ್ಲ. 2017ರ ವಸಂತದಲ್ಲಿ ಪಿಟ್ಸ್‌ಬರ್ಗ್‌ನ ಮುಖ್ಯ ಡಿಫೆಂಡರ್ ಕ್ರಿಸ್ ಲೆಟ್ಯಾಂಗ್ ಕತ್ತಿನ ಶಸ್ತ್ರಚಿಕಿತ್ಸೆಯಿಂದ ಹೊರಗುಳಿದಾಗ ಇವರ ಹೆಗಲ ಮೇಲೆ ಭಾರ ಬಿತ್ತು. ಫೈನಲ್‌ನ ಐದನೇ ಪಂದ್ಯದಲ್ಲಿ ಒಂದು ಗೋಲನ್ನೂ ಹೊಡೆದರು. ಜೂನ್ 11ಕ್ಕೆ ನ್ಯಾಶ್‌ವಿಲ್‌ನಲ್ಲಿ ಲೀಗಿನ ಸ್ಟ್ಯಾನ್ಲಿ ಕಪ್ ಗೆದ್ದಾಗ ನಾಯಕ ಸಿಡ್ನಿ ಕ್ರಾಸ್ಬಿ ಅದನ್ನು ಎತ್ತಿ ತೋರಿಸಿ, ಮೊದಲು ಕೊಟ್ಟದ್ದು ಹೇನ್ಸಿ ಕೈಗೆ. ನಾಯಕ ತಾನು ಎತ್ತಿದ ಮೇಲೆ ಆ ಕಪ್ಪನ್ನು ಮೊದಲು ಯಾರಿಗೆ ಕೊಡುತ್ತಾನೆ ಅನ್ನೋದನ್ನು ಹಾಕಿ ನೋಡುವವರೆಲ್ಲ ಗಮನಿಸುತ್ತಾರೆ. ಬಂದು ನಾಲ್ಕು ತಿಂಗಳೂ ಆಗಿರದ 36ರ ಆಟಗಾರನಿಗೆ ಆ ಮರ್ಯಾದೆ ಸಿಕ್ಕಿತು. ನಾವು ಆರಿಸುವ ಪದದಲ್ಲಿ ಈ ಮರ್ಯಾದೆಗೂ ಜಾಗ ಇರಬೇಕು ಅನ್ನೋದು ನನ್ನ ಹಟ.

ಬಾಕ್ಸಿಂಗ್‌ನಲ್ಲಿ ಇದೇ ಪದ ಇನ್ನೊಂದು ಕಡೆ ವಾಲುತ್ತೆ. ಬ್ರಿಟನ್ನಿನಲ್ಲಿ ಜರ್ನಿಮನ್ ಅಂದರೆ ಬೆಳೆಯುವ ಹುಡುಗರಿಗೆ ಎದುರಾಳಿಯಾಗಿ ನಿಂತು ಹೆಚ್ಚಿನ ಸಲ ಸೋಲುವವನು. ಬರ್ಮಿಂಗ್‌ಹ್ಯಾಮ್‌ನ ಪೀಟರ್ ಬಕ್ಲಿ 300 ಪಂದ್ಯ ಆಡಿ 256 ಸೋತರು. ಅದೂ ಕಸುಬೇ, ಅದಕ್ಕೂ ಗಟ್ಟಿ ಎದೆ ಬೇಕು. ಆದರೆ ಹಾಕಿಯ ಅರ್ಥ ಅದಲ್ಲ. ಒಂದೇ ಕನ್ನಡ ಪದ ಎರಡಕ್ಕೂ ಹೊಂದಲಿಕ್ಕಿಲ್ಲ.

ನನಗೆ ತೋಚಿದ್ದು ಇಷ್ಟು. ‘ದಿನಗೂಲಿ’ ಬೇರಿಗೆ ಹತ್ತಿರ, ಆದರೆ ನಮ್ಮಲ್ಲಿ ಅದರ ಜೊತೆ ನೌಕರಿ ಕಾಯಂ ಆಗದ ಸಂಕಟ ಅಂಟಿಕೊಂಡಿದೆ, ಕೈಚಳಕ ಕಾಣೋದಿಲ್ಲ. ‘ಕಸುಬುದಾರ ಆಟಗಾರ’ ನನಗೆ ಹಿಡಿಸಿದೆ, ಆದರೆ ಊರು ಬದಲಿಸುವ ಅರ್ಥ ಬಿಟ್ಟುಹೋಗುತ್ತೆ. ಅದಕ್ಕೆ ಯಕ್ಷಗಾನದವರ ‘ತಿರುಗಾಟ’ ನೆನಪಾಯಿತು. ಮೇಳದ ಕಲಾವಿದರು ‘ಆ ಮೇಳದಲ್ಲಿ ಮೂರು ತಿರುಗಾಟ, ಈ ಮೇಳದಲ್ಲಿ ಐದು’ ಅನ್ನುತ್ತಾರೆ. ಅಲ್ಲಿ ತಿರುಗಾಟ ಅಂದರೆ ಸುಮ್ನೆ ಸುತ್ತೋದಲ್ಲ, ಒಂದು ಹಂಗಾಮಿನ ದುಡಿಮೆ. ಮೇಳ ಬದಲಿಸಿದರೆ ಯಾರೂ ಅದನ್ನು ಕೊರತೆ ಅನ್ನೋದಿಲ್ಲ. ‘ಹೇನ್ಸಿ ಏಳೆಂಟು ತಂಡಗಳಲ್ಲಿ ತಿರುಗಾಟ ಮಾಡಿದ ಕಸುಬುದಾರ ಡಿಫೆಂಡರ್’ ಅಂತ ಬರೆಸಿದರೆ ಘಟ್ಟದ ಮೇಲಿನವರಿಗೆ ಅರ್ಥ ಆಗುತ್ತಾ? ಕರಾವಳಿಯವರಿಗೆ ಎಳೆದುತಂದ ಹಾಗೆ ಕೇಳುತ್ತಾ?

ಇನ್ನೊಂದು ಪ್ರಶ್ನೆ. ಗಾರೆ, ಮರಗೆಲಸ, ಚಿನ್ನಬೆಳ್ಳಿ ಕೆಲಸದ ಮನೆಗಳವರು ಇಲ್ಲಿದ್ದರೆ ದಯವಿಟ್ಟು ಹೇಳಿ: ಕೈಯಾಳಿಗಿಂತ ಮೇಲೆ, ಮೇಸ್ತ್ರಿಗಿಂತ ಕೆಳಗೆ ಇರುವ, ಕೆಲಸ ಚೆನ್ನಾಗಿ ಪಳಗಿದವನಿಗೆ ನಿಮ್ಮಲ್ಲಿ ಏನಂತಾರೆ? ಪದದ ಜೊತೆ ಊರು, ಕಸುಬು ಎರಡನ್ನೂ ಬರೆಯಿರಿ.